ಮೆಣಸು ಘಟ್ಟ ಇಳಿದ ಮೇಲೆ

ತೀರ್ಥಹಳ್ಳಿಯ ಬೆಳೆಗಾರರಿಂದ ಕಾಳುಮೆಣಸು ಕೊಂಡು ಹೊರದೇಶಕ್ಕೆ ಕಳುಹಿಸಲು ಶುರು ಮಾಡಿದಾಗ ಬಂದರಿನ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಘಟ್ಟ ಇಳಿದರೆ ಮಂಗಳೂರಿನ ಪಣಂಬೂರು ಬಂದರು, ಇನ್ನೇನು ಬೇಕು ಎಂದುಕೊಂಡಿದ್ದೆ.

ಒಂದು ಜುಲೈಯಲ್ಲಿ ಆ ಭ್ರಮೆ ಕಳಚಿತು. ಆಗುಂಬೆಯಲ್ಲಿ ಭಾರೀ ಲಾರಿ ಬಿಡುವುದಿಲ್ಲ, ನಮ್ಮದು ಹುಲಿಕಲ್ ಘಾಟಿಯ ದಾರಿ. ಅಂದು ಅಲ್ಲಿ ಮರ ಬಿದ್ದಿತ್ತು. ತಡವಾಗಿ ತಲುಪಿದ ಚೀಲಗಳನ್ನು ಕಂಟೈನರ್‌ಗೆ ತುಂಬಿಸುವಷ್ಟರಲ್ಲಿ ಬಂದರಿನ ಗೇಟು ನಮ್ಮ ಹಡಗಿನ ಪಾಲಿಗೆ ಮುಚ್ಚಿತ್ತು. ಹಡಗು ಇನ್ನೂ ಬಂದೇ ಇರಲಿಲ್ಲ! ಯಾವ ಪೆಟ್ಟಿಗೆ ಕೆಳಗೆ, ಯಾವುದು ಮೇಲೆ ಎಂದು ತೂಕ ನೋಡಿ ಮೊದಲೇ ನಿರ್ಧರಿಸುತ್ತಾರಂತೆ. ಮುಂದಿನ ಹಡಗಿಗೆ ಒಂದು ವಾರ ಕಾದೆ.

ಸಿಟ್ಟಿನಲ್ಲಿ ಕೊಚ್ಚಿ ಮತ್ತು ನವಿ ಮುಂಬಯಿಯ ನ್ಹಾವಾ ಶೇವಾದ ದರ ತರಿಸಿದೆ. "ಮಾರಾಯರೇ, ಲಾರಿ ಬಾಡಿಗೆ ಒಂದನ್ನೇ ಕೂಡಿಸಬೇಡಿ, ಕಾಯುವ ದಿನಗಳನ್ನೂ ಕೂಡಿಸಿ" ಎಂದರು ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ನಮ್ಮ ಕ್ಲಿಯರಿಂಗ್ ಏಜೆಂಟರು. ನ್ಹಾವಾ ಶೇವಾಕ್ಕೆ ದೊಡ್ಡ ಹಡಗುಗಳು ನೇರವಾಗಿ ಬರುತ್ತವೆ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ನಮ್ಮ ಸರಕು ಮಂಗಳೂರಿನಿಂದ ಚಿಕ್ಕ ಹಡಗಿನಲ್ಲಿ ಕೊಲಂಬೊಗೆ ಹೋಗಿ, ಅಲ್ಲಿ ದೊಡ್ಡದಕ್ಕೆ ಬದಲಾಗುತ್ತದೆ. ಆದರೆ ಮುಂಬಯಿವರೆಗಿನ ಲಾರಿ ಬಾಡಿಗೆ ನನ್ನ ಲಾಭವನ್ನೆಲ್ಲ ನುಂಗುತ್ತಿತ್ತು.

ಮಂಗಳೂರಿಗೆ ಇನ್ನೊಂದು ಬಲವಿದೆ, ಗೋಡಂಬಿ. ಕರಾವಳಿಯ ಕಾರ್ಖಾನೆಗಳಿಗೆ ಆಫ್ರಿಕಾದಿಂದ ಕಚ್ಚಾ ಗೋಡಂಬಿ ಕಂಟೈನರ್‌ಗಳಲ್ಲಿ ಬರುತ್ತದೆ. ಖಾಲಿಯಾದ ಆ ಪೆಟ್ಟಿಗೆಗಳೇ ನಮ್ಮ ಮೆಣಸಿಗೆ, ಚಿಕ್ಕಮಗಳೂರಿನ ಕಾಫಿಗೆ ಸಿಗುವುದು. ಆ ಆಮದು ಕಡಿಮೆಯಾದರೆ ಪೆಟ್ಟಿಗೆಯನ್ನು ಬೇರೆ ಬಂದರಿನಿಂದ ತರಿಸಬೇಕು, ಖರ್ಚು ನಮ್ಮ ತಲೆಗೆ.

ಸಿಕ್ಕಿದ ಪೆಟ್ಟಿಗೆಯನ್ನೆಲ್ಲ ಒಪ್ಪುವುದೂ ಇಲ್ಲ. ನಾನೇ ಒಳಗೆ ಹೋಗಿ ನಿಂತು, ಬಾಗಿಲು ಹಾಕಿಸಿ ಕತ್ತಲಲ್ಲಿ ಕಣ್ಣಾಡಿಸುತ್ತೇನೆ. ಸೂಜಿಮೊನೆಯಷ್ಟು ಬೆಳಕು ಕಂಡರೂ ತೂತಿದೆ ಎಂದೇ ಅರ್ಥ. ಆಮೇಲೆ ಮೂಗಿಗೆ ಕೆಲಸ. ಒಮ್ಮೆ ಮೀನಿನ ವಾಸನೆ ಬಂದು ಪೆಟ್ಟಿಗೆಯನ್ನೇ ಹಿಂದೆ ಕಳುಹಿಸಿದ್ದೆ. ಗೋಡೆಗೆ ದಪ್ಪ ಕಾಗದ ಹೊದಿಸಿ, ತೇವ ಹೀರುವ ಚೀಲ ತೂಗುಹಾಕಿದ ಮೇಲೆಯೇ ಮೆಣಸು ಒಳಗೆ ಹೋಗುತ್ತದೆ. ಸಮುದ್ರದಲ್ಲಿ ರಾತ್ರಿ ತಗಡು ತಣಿದಾಗ ಒಳಗೆ ಬೆವರುತ್ತದೆ, ಆ ಹನಿ ಬಿದ್ದಲ್ಲಿ ಬೂಷ್ಟು.

ಈಗ ಮೇ ಮುಗಿಯುವುದರೊಳಗೆ ಸರಕನ್ನು ಘಟ್ಟ ಇಳಿಸಿಬಿಡುತ್ತೇನೆ. ಪ್ರತಿ ಸಲವೂ ಕೊಚ್ಚಿಯ ದರ ತರಿಸುವುದನ್ನು ಮಾತ್ರ ಬಿಟ್ಟಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಿಳಿಂಜಂ ಬಂದರು ವಾಣಿಜ್ಯ ಕಾರ್ಯ ಆರಂಭಿಸಿದ ಮೇಲೆ ಅದರ ದರವನ್ನೂ ಕೇಳುತ್ತೇನೆ. ಆ ಕಾಗದಗಳನ್ನು ಮೇಜಿನ ಮೇಲಿಟ್ಟು ಮಾತಿಗೆ ಕುಳಿತಾಗ, ಹಿಂದಿನ ಸಲ ಹಡಗು ಕಂಪನಿಯವರು ಪೆಟ್ಟಿಗೆಯನ್ನು ಬಾಡಿಗೆಯಿಲ್ಲದೆ ಇಟ್ಟುಕೊಳ್ಳಲು ಇನ್ನೂ ಮೂರು ದಿನ ಕೊಟ್ಟರು.