ಭೂತ ಗೀತ ಮತ್ತು ಆರು ಬಾಟಲಿಗಳು

8ರಿಂದ 11 ವರ್ಷದ ಮಕ್ಕಳಿಗಾಗಿ ನಾನು ಬರೆದು ಮುಗಿಸಿರುವ ಭೂತದ ಪತ್ತೇದಾರಿ ಕಥೆಗಳು ಎರಡೇ ಎರಡು. ಎರಡೂ ನಗೆಯ ಕಥೆಗಳು. ಒಂದೊಂದಕ್ಕೂ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಹೆದರಿಸುವುದು, ನಗಿಸುವುದು, ಒಗಟನ್ನು ಬಿಡಿಸುವುದು ಈ ಮೂರೂ ಒಂದೇ ಕಥೆಯಲ್ಲಿ ಆಗಬೇಕೆಂದು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಅವು ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ. ನಗು ಬಂದ ಕೂಡಲೇ ಹೆದರಿಕೆ ಕರಗುತ್ತದೆ. ಹೆದರಿದ ಮಗು ಮುಂದೇನಾಯಿತೆಂದು ಓಡುತ್ತಾ ಓದುವುದರಿಂದ ಸುಳಿವುಗಳು ಕಣ್ಣಿಗೆ ಬೀಳುವುದೇ ಇಲ್ಲ. ಒಗಟನ್ನು ವಿವರಿಸಲು ನಿಂತರೆ ನಗುವೂ ಇಲ್ಲ, ಹೆದರಿಕೆಯೂ ಇಲ್ಲ. ನನ್ನ ಮೊದಲ ಕರಡಿನಲ್ಲಿ ಒಂದು ಅಧ್ಯಾಯ ಹೆದರಿಕೆಗೆ, ಇನ್ನೊಂದು ತಮಾಷೆಗೆ, ಮತ್ತೊಂದು ಪತ್ತೆಗೆ ಎಂದು ಹಂಚಿಕೊಂಡಿದ್ದೆ. ಒಂದೇ ಮನೆಯಲ್ಲಿದ್ದೂ ಪರಸ್ಪರ ಮಾತು ಬಿಟ್ಟ ಮೂವರು ಬಾಡಿಗೆದಾರರ ಹಾಗೆ ಅವು ಕುಳಿತಿದ್ದವು.

ಮೊದಲ ಕಥೆಯ ಹಂದರ ಇಷ್ಟು. ಅಕ್ಕ, ತಮ್ಮ, ಪುಟ್ಟ ತಂಗಿ ಈ ಮೂವರ ತಾಯಿ ಒಂದು ಹಳೆಯ ಶಾಲೆಯಲ್ಲಿ ಶಿಕ್ಷಕಿ. ಅವರ ಕೆಲಸ ಮುಗಿಯುವವರೆಗೆ ಮಕ್ಕಳು ಸಂಜೆ ಖಾಲಿ ಶಾಲೆಯಲ್ಲಿ ಕಾಯಬೇಕು. ಕತ್ತಲಾಗುವ ಹೊತ್ತಿಗೆ ಮೇಲಿನ ಮಹಡಿಯ ಕೊನೆಯ ಕೋಣೆಯಿಂದ "ಊ…" ಎಂಬ ದನಿ ಕೇಳುತ್ತದೆ. ಬಾಗಿಲಿಗೆ ಬೀಗ ಹಾಕಿದೆ. ಒಳಗೆ ಯಾರೂ ಇಲ್ಲ. ಕೊನೆಗೆ ತಿಳಿಯುವುದೇನೆಂದರೆ, ಅದು ವಿಜ್ಞಾನದ ಕೋಣೆ. ಪಾಠಕ್ಕೆಂದು ಬೇರೆಬೇರೆ ಮಟ್ಟಕ್ಕೆ ನೀರು ತುಂಬಿಸಿಟ್ಟ ಆರು ಬಾಟಲಿಗಳು ಅಲ್ಲಿ ಕಿಟಕಿಯ ಪಕ್ಕದಲ್ಲಿವೆ, ಕಿಟಕಿಯ ಗಾಜಿನಲ್ಲಿ ಒಂದು ಸೀಳಿದೆ, ಸಂಜೆಯ ಗಾಳಿ ಆ ಸೀಳಿನಿಂದ ನುಗ್ಗಿ ಬಾಟಲಿಗಳ ಬಾಯಿಯ ಮೇಲೆ ಹಾಯುವಾಗ ಅವು ಹಾಡುತ್ತವೆ.

ಈ ಪರಿಹಾರವನ್ನು ನಾನು ಕಥೆಗಿಂತ ಮೊದಲೇ ಬರೆದಿಟ್ಟುಕೊಂಡಿದ್ದೆ. ಪತ್ತೇದಾರಿ ಕಥೆಯನ್ನು ತುದಿಯಿಂದ ಬುಡಕ್ಕೆ ಕಟ್ಟಬೇಕು ಎಂಬುದು ಈ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು. ಆದರೆ ಪರಿಹಾರ ಗೊತ್ತಿದ್ದ ಮಾತ್ರಕ್ಕೆ ಸುಳಿವನ್ನು ಎಲ್ಲಿಡಬೇಕೆಂಬುದು ಗೊತ್ತಾಗುವುದಿಲ್ಲ. ಗಾಜು ಒಡೆದಿದೆ ಎಂಬುದನ್ನು ಓದುಗರಿಗೆ ಮೊದಲೇ ಹೇಳದಿದ್ದರೆ ಅದು ಮೋಸ. ಗಂಭೀರವಾಗಿ ಹೇಳಿದರೆ ಹತ್ತು ವರ್ಷದ ಯಾವ ಮಗುವೂ ಎರಡನೇ ಅಧ್ಯಾಯದಲ್ಲೇ ಪುಸ್ತಕ ಮುಚ್ಚಿ "ಗಾಳಿ" ಎಂದುಬಿಡುತ್ತದೆ. ಮಕ್ಕಳ ಪತ್ತೇದಾರಿಕೆಯನ್ನು ಕೀಳಂದಾಜು ಮಾಡಿದವರು ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಮೊದಲ ಅಧ್ಯಾಯದಲ್ಲಿ ಬರಿಯ ತಮಾಷೆಗೆಂದು ಒಂದು ಪ್ರಸಂಗ ಬರೆದಿದ್ದೆ: ತಮ್ಮ ಹೊಡೆದ ಚೆಂಡು ಎಲ್ಲೋ ಮೇಲಕ್ಕೆ ಹಾರಿ "ಠಣ್" ಎಂದು ಸದ್ದಾಗುತ್ತದೆ, ಚೆಂಡು ತಾನಾಗಿಯೇ ಹಾರಿತೆಂದೂ, ಅದಕ್ಕೆ ಮೊದಲಿನಿಂದಲೂ ಓಡಿಹೋಗುವ ಚಾಳಿಯಿತ್ತೆಂದೂ ಅವನು ಇಡೀ ಒಂದು ಪುಟ ವಾದಿಸುತ್ತಾನೆ. ಇದನ್ನು ಕೆಲವು ಮಕ್ಕಳಿಗೆ ಓದಿ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು, ಆದರೆ ಚೆಂಡು ಎಲ್ಲಿಗೆ ತಾಗಿತೆಂದು ಒಬ್ಬರೂ ಕೇಳಲಿಲ್ಲ. ಗಾಜಿನ ಸೀಳು ಬಂದದ್ದು ಹೇಗೆಂದು ನಾನು ಬೇರೆಲ್ಲೋ ಒದ್ದಾಡುತ್ತಿದ್ದೆ. ಉತ್ತರ ಅವರ ನಗುವಿನ ಅಡಿಯಲ್ಲೇ ಬಿದ್ದಿತ್ತು. ಜಾದೂಗಾರರು ಕೈಚಳಕ ಮಾಡುವುದು ಪ್ರೇಕ್ಷಕರು ನಗುವ ಗಳಿಗೆಯಲ್ಲಿ, ಏಕೆಂದರೆ ನಗುವವರ ಗಮನ ಆ ಕ್ಷಣಕ್ಕೆ ಸಡಿಲವಾಗಿರುತ್ತದೆ. ಅಂದಿನಿಂದ ನನ್ನ ಕಥೆಗಳಲ್ಲಿ ಮುಖ್ಯ ಸುಳಿವುಗಳೆಲ್ಲ ತಮಾಷೆಯೊಳಗೇ ಇರುತ್ತವೆ. ಬರಿಯ ನಗಿಸುವುದಕ್ಕಾಗಿ ಬರೆದ ಸಾಲುಗಳನ್ನು, ಅವು ಎಷ್ಟೇ ಚೆನ್ನಾಗಿದ್ದರೂ, ಈಗ ತೆಗೆದುಹಾಕುತ್ತೇನೆ. ತೆಗೆಯುವಾಗ ಹೊಟ್ಟೆ ಉರಿಯುವುದು ಬೇರೆ ಮಾತು.

ಕನ್ನಡವೇ ಕೈಹಿಡಿದು ಕೊಟ್ಟ ಸುಳಿವೂ ಒಂದಿದೆ. ನಾವು "ಊಟ ಗೀಟ", "ಪುಸ್ತಕ ಗಿಸ್ತಕ" ಎನ್ನುವಂತೆ ಕಥೆಯ ಕಾವಲುಗಾರ ಮಕ್ಕಳನ್ನು ಗದರಿಸುತ್ತಾ "ಭೂತ ಗೀತ ಏನೂ ಇಲ್ಲ, ನಡೀರಿ" ಎನ್ನುತ್ತಾನೆ. ಪುಟ್ಟ ತಂಗಿ ಅದನ್ನು "ಭೂತಗೀತ" ಎಂದು ಕೇಳಿಸಿಕೊಂಡು, ಹಾಗಾದರೆ ಭೂತ ಹಾಡುತ್ತದೆಯೇ, ಅದಕ್ಕೆ ಸಂಗೀತ ಕಲಿಸಿದವರು ಯಾರು ಎಂದು ಎಲ್ಲರ ಪ್ರಾಣ ತಿನ್ನುತ್ತಾಳೆ. ಆ ಮಾತಿಗೆ ನಕ್ಕ ಓದುಗರಿಗೆ, ಅದು ಅಳುವ ದನಿಯಲ್ಲ, ಸ್ವರ ಎಂಬ ಉತ್ತರದ ಅರ್ಧಭಾಗ ಆಗಲೇ ಸಿಕ್ಕಿರುತ್ತದೆ. ಇಂಥದ್ದನ್ನು ಹುಡುಕಿ ಹೊರಟರೆ ಸಿಗುವುದಿಲ್ಲ. ಸಂಭಾಷಣೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆಯುವಾಗ ತಾನಾಗಿ ನಾಲಿಗೆಗೆ ಬರುತ್ತದೆ.

ಇನ್ನು ನಾನು ಎಡವಿದ ಜಾಗ. ಭೂತದ ದನಿ ದಿನಕಳೆದಂತೆ ಬದಲಾಗಬೇಕು, ಮಕ್ಕಳು ಅದನ್ನು ಗಮನಿಸಬೇಕು ಎಂಬುದು ನನ್ನ ಯೋಜನೆ. ಬಾಟಲಿಯ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಆದ್ದರಿಂದ ದನಿ ತೆಳ್ಳಗಾಗುತ್ತದೆ ಎಂದು ಬರೆದೆ. ಚಮಚದಿಂದ ಬಾಟಲಿಯನ್ನು ಬಡಿದು ಪರೀಕ್ಷೆಯನ್ನೂ ಮಾಡಿದ್ದೆ: ನೀರು ಕಡಿಮೆಯಿದ್ದ ಬಾಟಲಿಯ ಸ್ವರ ಮೇಲಿತ್ತು. ಆ ಕರಡನ್ನು ಓದಿ ಹೇಳಿದ ಮರುವಾರ ಒಬ್ಬ ಹುಡುಗಿ ಎರಡು ಬಾಟಲಿ ಹಿಡಿದು ಬಂದು, ಏನೂ ಹೇಳದೆ ಊದಿ ತೋರಿಸಿದಳು. ನೀರು ಕಡಿಮೆಯಿದ್ದ ಬಾಟಲಿಯ ದನಿ ದಪ್ಪವಾಗಿತ್ತು. ಬಡಿದಾಗ ಕಂಪಿಸುವುದು ಗಾಜು ಮತ್ತು ಅದರೊಳಗಿನ ನೀರು. ನೀರು ಹೆಚ್ಚಿದಷ್ಟೂ ಕಂಪನ ನಿಧಾನವಾಗಿ ಸ್ವರ ಇಳಿಯುತ್ತದೆ. ಊದಿದಾಗ ಕಂಪಿಸುವುದು ಗಾಳಿ: ಕುತ್ತಿಗೆಯಲ್ಲಿರುವ ಗಾಳಿ ಒಂದು ತೂಕದಂತೆ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತವೆ, ನೀರು ಕಡಿಮೆಯಾದಷ್ಟೂ ಹೊಟ್ಟೆ ದೊಡ್ಡದಾಗಿ, ಸ್ಪ್ರಿಂಗು ಮೆತ್ತಗಾಗಿ, ಸ್ವರ ಇಳಿಯುತ್ತದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಅನುರಣನವನ್ನು ನಾನು ಶಾಲೆಯಲ್ಲಿ ಓದಿದ್ದೆ. ಬರೆಯಲು ಕುಳಿತಾಗ ನೆನಪಾಗಲಿಲ್ಲ.

ನಾಚಿಕೆಯಿಂದ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದೆ. ಕಿಟಕಿಯ ಬಳಿ ಎರಡು ವಾರ ಇಟ್ಟ ಬಾಟಲಿಯಲ್ಲಿ ನೀರು ಇಳಿದದ್ದು ಗೊತ್ತೇ ಆಗಲಿಲ್ಲ. ಕಿರಿದಾದ ಬಾಯಿಯಿಂದ ನೀರು ಅಷ್ಟು ಬೇಗ ಆವಿಯಾಗುವುದಿಲ್ಲ. ಫ್ಯಾನಿನ ಮುಂದೆ ಹಿಡಿದರೆ ಬಾಟಲಿ ಹಾಡಲಿಲ್ಲ. ಕಿಟಕಿಯನ್ನು ಬೆರಳಗಲ ತೆರೆದು, ಆ ಸಂದಿನಿಂದ ಬರುವ ಗಾಳಿ ಬಾಯಿಯ ಅಂಚಿಗೆ ತಾಗುವಂತೆ ಇಟ್ಟಾಗ ಮಾತ್ರ ಹಾಡಿತು, ಅದೂ ಗಾಳಿ ಜೋರಾಗಿದ್ದ ಸಂಜೆಗಳಲ್ಲಿ. ಆದ್ದರಿಂದ ಕಥೆಯಲ್ಲಿ ಪೂರ್ತಿ ಒಡೆದಿದ್ದ ಗಾಜು ಸೀಳಾಯಿತು, ಭೂತವು ಗಾಳಿಯಿಲ್ಲದ ದಿನ ರಜೆ ಹಾಕತೊಡಗಿತು. ನೀರು ಇಳಿಯುವುದಕ್ಕೆ ಬೇರೆ ಕಾರಣ ಬೇಕಿತ್ತು. ಕೊನೆಗೆ ಕಾವಲುಗಾರನಿಗೇ ಆ ಕೆಲಸ ಒಪ್ಪಿಸಿದೆ: ಬೆಳಿಗ್ಗೆ ಕೋಣೆ ಗುಡಿಸಲು ಬರುವ ಆತ, ಕೆಳಗಿನಿಂದ ನೀರು ಹೊತ್ತು ತರುವ ಸೋಮಾರಿತನಕ್ಕೆ, ಕಿಟಕಿಯಲ್ಲಿರುವ ಬಾಡಿದ ಹೂಕುಂಡಕ್ಕೆ ಬಾಟಲಿಗಳಿಂದಲೇ ಒಂದಿಷ್ಟು ಸುರಿಯುತ್ತಾನೆ. ದಿನೇ ದಿನೇ ಭೂತದ ದನಿ ದಪ್ಪವಾಗುತ್ತದೆ, "ಪಾಪ, ಭೂತಕ್ಕೆ ನೆಗಡಿಯಾಗಿ ಗಂಟಲು ಕಟ್ಟಿದೆ" ಎಂದು ತಂಗಿ ಕಷಾಯ ಮಾಡಿಸಲು ಹಟ ಹಿಡಿಯುತ್ತಾಳೆ, ಇತ್ತ ಅಂಗಳದಿಂದ ಕಾಣುವ ಕಿಟಕಿಯಲ್ಲಿ ಗಿಡ ಹಸಿರಾಗುತ್ತಾ ಹೋಗುತ್ತದೆ. ಗಿಡದ ಬಗ್ಗೆ ಕಥೆಯಲ್ಲಿ ಒಂದು ಮಾತೂ ಇಲ್ಲ. ಅದು ಚಿತ್ರಗಳಲ್ಲಿ ಮಾತ್ರ ಇದೆ. ಓದಲು ಇನ್ನೂ ತಡವರಿಸುವ ಮಕ್ಕಳು, ಸರಾಗವಾಗಿ ಓದುವವರಿಗಿಂತ ಮೊದಲು ಅದನ್ನು ಕಂಡುಹಿಡಿದದ್ದು ನನಗೆ ಸಿಕ್ಕ ದೊಡ್ಡ ಬಹುಮಾನ.

ಯಾರನ್ನು ನೋಡಿ ನಗಬೇಕು ಎಂಬ ಪ್ರಶ್ನೆಗೆ ಬಹಳ ದಿನ ತಲೆ ಕೊಟ್ಟಿದ್ದೇನೆ. ಮೊದಲ ಕರಡಿನಲ್ಲಿ ತಮ್ಮ ಪುಕ್ಕಲ, ಎಲ್ಲರೂ ಅವನನ್ನು ನೋಡಿ ನಗುತ್ತಿದ್ದರು. ಓದಿ ಹೇಳುವಾಗ ಒಂದಿಬ್ಬರು ಮಕ್ಕಳು ಉಳಿದವರು ನಗುವಾಗ ತಾವು ನಗದೆ ನೆಲ ನೋಡುತ್ತಿದ್ದುದನ್ನು ಕಂಡೆ. ಆಮೇಲೆ ತಮ್ಮನ ಹೆದರಿಕೆಯನ್ನು ಹಾಗೆಯೇ ಉಳಿಸಿಕೊಂಡು ಅವನ ಕೈಗೆ ಒಂದು ನೋಟುಪುಸ್ತಕ ಕೊಟ್ಟೆ. ತಾನು ಹೆದರಿದ್ದನ್ನೆಲ್ಲ ಅವನು ಸಮಯಸಹಿತ ಬರೆದಿಡುತ್ತಾನೆ: "5 ಗಂಟೆ 40 ನಿಮಿಷ. ಊ ಎಂದಿತು. ನಾನು ಮೇಜಿನ ಕೆಳಗಿದ್ದೆ." ಹೆದರಿದವನಿಗೆ ಕಿವಿ ಚುರುಕು. ಗಾಳಿಯಿಲ್ಲದ ದಿನ ಭೂತ ಬಂದಿಲ್ಲ ಎಂಬುದು ಕೊನೆಗೆ ಗೊತ್ತಾಗುವುದು ಆ ಪುಸ್ತಕದಿಂದಲೇ. ಭೂತ ಗೀತ ಸುಳ್ಳೆಂದು ಮೊದಲ ದಿನವೇ ತೀರ್ಮಾನಿಸಿದ ಧೈರ್ಯಸ್ಥೆ ಅಕ್ಕನ ಬಳಿ ಒಂದು ದಾಖಲೆಯೂ ಇರುವುದಿಲ್ಲ. ಈಗ ಮಕ್ಕಳು ನಗುವುದು ಅಕ್ಕನ ಜಂಬವನ್ನು ನೋಡಿ.

ಹೆದರಿಸುವ ಕೆಲಸದಲ್ಲಿ ನಾನು ಹಾಕಿಕೊಂಡಿರುವ ಗೆರೆಗಳು ಕೆಲವೇ. ಕಣ್ಣಿಗೆ ಕಂಡದ್ದಕ್ಕಿಂತ ಕಿವಿಗೆ ಕೇಳಿಸಿದ್ದು ಹೆಚ್ಚು ಹೆದರಿಸುತ್ತದೆ, ಬರಹದಲ್ಲಂತೂ ಖಂಡಿತ. "ಕಿರ್ರ್", "ಸರಸರ", "ಟಪ್ ಟಪ್" ಎಂಬ ಪದಗಳನ್ನು ಗಟ್ಟಿಯಾಗಿ ಓದುವವರ ಬಾಯಿಯೇ ಸದ್ದು ಮಾಡಿಬಿಡುತ್ತದೆ. ತಂದೆತಾಯಿ ತಿರುಗಿ ಬರುವುದಿಲ್ಲವೇನೋ ಎಂಬ ಹೆದರಿಕೆಯನ್ನು ಬಳಸುವುದಿಲ್ಲ. ಹಾಸಿಗೆ, ಹೊದಿಕೆ, ಮಂಚದ ಕೆಳಗಿನ ಜಾಗ ಇವುಗಳನ್ನು ಮುಟ್ಟುವುದಿಲ್ಲ, ಏಕೆಂದರೆ ಬಹಳ ಮಕ್ಕಳು ನನ್ನ ಕಥೆಯನ್ನು ಓದುವುದು ಅಲ್ಲೇ ಮಲಗಿಕೊಂಡು. ಪುಸ್ತಕ ಮುಚ್ಚಿದ ಮೇಲೆ ಅವರು ನಿದ್ದೆ ಮಾಡಬೇಕಾದ ಜಾಗವನ್ನು ನಾನು ಕೆಡಿಸಬಾರದು.

ಭೂತ ನಿಜವಾಗಿಯೂ ಇರಬಹುದೇ ಎಂಬ ವಿಷಯದಲ್ಲಿ ಈ ಪ್ರಕಾರಕ್ಕೆ ಹಳೆಯ ಜಗಳವಿದೆ. 1790ರ ದಶಕದಲ್ಲಿ ಇಂಗ್ಲಿಷಿನ ಆ್ಯನ್ ರ‍್ಯಾಡ್‌ಕ್ಲಿಫ್ ತಮ್ಮ ಕಾದಂಬರಿಗಳಲ್ಲಿ ಅಲೌಕಿಕವೆಂದು ತೋರಿದ್ದಕ್ಕೆಲ್ಲ ಕೊನೆಯಲ್ಲಿ ಲೌಕಿಕ ಕಾರಣ ಕೊಡುವ ಪದ್ಧತಿಗೆ ಹೆಸರಾದರು. ಇಷ್ಟೆಲ್ಲ ಹೆದರಿಸಿ ಕೊನೆಗೆ ಇಷ್ಟೇನಾ ಎಂಬ ದೂರೂ ಅವರ ಬೆನ್ನಿಗೇ ಬಂತು. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮಗಳನ್ನು ಬರೆದಾಗ ಅಲೌಕಿಕ ಕಾರಣಗಳನ್ನು ಪೂರ್ತಿಯಾಗಿ ಹೊರಗಿಟ್ಟರು. ಅವರು ಸ್ವತಃ ಪಾದ್ರಿಯಾಗಿದ್ದರು ಎಂಬುದು ನನಗೆ ಯಾವಾಗಲೂ ಮೋಜೆನಿಸುತ್ತದೆ. ನಾನು ನಾಕ್ಸ್ ಅವರ ಪಕ್ಷ, ಆದರೆ ರ‍್ಯಾಡ್‌ಕ್ಲಿಫ್ ಅವರ ಓದುಗರ ದೂರು ಮಕ್ಕಳ ಬಾಯಿಂದಲೂ ಬರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉತ್ತರವೆಂದರೆ, ಪರಿಹಾರ ಭೂತಕ್ಕಿಂತ ಹೆಚ್ಚು ಮಜವಾಗಿರಬೇಕು, ಮಗು ಅದನ್ನು ಮನೆಯಲ್ಲಿ ಮಾಡಿ ನೋಡುವಂತಿರಬೇಕು. ವಿಕ್ ಟ್ಯಾಂಡಿ ಎಂಬ ಬ್ರಿಟಿಷ್ ಎಂಜಿನಿಯರ್, ತಮ್ಮ ಪ್ರಯೋಗಾಲಯದಲ್ಲಿ ಕಂಡ ಬೂದು ಆಕೃತಿಗೆ ಒಂದು ಫ್ಯಾನ್ ಹೊಮ್ಮಿಸುತ್ತಿದ್ದ ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳಿಸದ ಕಂಪನವೇ ಕಾರಣವಿರಬೇಕೆಂದು 1998ರಲ್ಲಿ ಬರೆದರು. ಕಥೆಗೆ ಹೇಳಿ ಮಾಡಿಸಿದಂತಿದೆ, ಆದರೂ ಬಳಸಲಿಲ್ಲ. ಕೇಳಿಸದ ಸದ್ದನ್ನು ಮಗು ಪರೀಕ್ಷಿಸುವುದು ಹೇಗೆ? ನಾನು ಹೇಳಿದ್ದನ್ನು ನಂಬಬೇಕಾಗುತ್ತದೆ, ಭೂತವನ್ನು ನಂಬಿದ ಹಾಗೆಯೇ.

ಎರಡನೇ ಕಥೆಯಲ್ಲಿ ರಾತ್ರಿ ಕಿಟಕಿಯ ಆಚೆ ತೇಲುವ ಮುಖವಿದೆ. ಒಳಗೆ ದೀಪವಿದ್ದು ಹೊರಗೆ ಕತ್ತಲಿದ್ದರೆ ಗಾಜು ಕನ್ನಡಿಯಂತಾಗಿ, ಒಳಗಿನವರ ಬಿಂಬವೇ ಹೊರಗೆ ನಿಂತಂತೆ ಕಾಣುತ್ತದೆ. ಹೆನ್ರಿ ಡರ್ಕ್ಸ್ ಯೋಚಿಸಿದ ಉಪಾಯವನ್ನು ಸುಧಾರಿಸಿ 1862ರಲ್ಲಿ ಜಾನ್ ಹೆನ್ರಿ ಪೆಪ್ಪರ್ ಲಂಡನ್ನಿನ ರಂಗದ ಮೇಲೆ ಭೂತವನ್ನು ತಂದದ್ದೂ ಇದೇ ತತ್ವದಿಂದ: ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಪ್ರೇಕ್ಷಕರಿಗೆ ಕಾಣದ ಜಾಗದಲ್ಲಿ ಬೆಳಕಿನಲ್ಲಿ ನಿಂತ ನಟ. ಈ ಕಥೆಯ ಅಚ್ಚಿನಲ್ಲಿ ಒಂದು ಪೆಟ್ಟು ತಿಂದೆ. ತೆರೆದ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕಿರುತ್ತದೆ. ಹೆದರಿಕೆಯ ಸಾಲು ಬಲಪುಟದ ಕೊನೆಯಲ್ಲಿದ್ದು, ಅದರ ಉತ್ತರ ಹಾಳೆ ಮಗುಚಿದ ಮೇಲೆ ಸಿಗಬೇಕು. ಹಾಳೆ ಮಗುಚುವ ಆ ಅರೆಗಳಿಗೆಯನ್ನು ಲೆಕ್ಕ ಹಾಕಿಯೇ ಅಧ್ಯಾಯವನ್ನು ಬರೆದಿದ್ದೆ. ಪ್ರಕಾಶಕರು ಕೊನೆಗಳಿಗೆಯಲ್ಲಿ ಅರ್ಪಣೆಯ ಪುಟವೊಂದನ್ನು ಸೇರಿಸಿದ್ದರಿಂದ ಎಲ್ಲವೂ ಒಂದು ಪುಟ ಮುಂದೆ ಸರಿದು, ಕಿಟಕಿಯಲ್ಲಿ ಮುಖ ಕಂಡ ಸಾಲೂ, ಮೂಗಿನ ಮೇಲೆ ಹಲ್ಲುಪುಡಿ ಮೆತ್ತಿಕೊಂಡು ನಿಂತ ಅಣ್ಣನ ಚಿತ್ರವೂ ಎದುರುಬದುರು ಪುಟಗಳಲ್ಲಿ ಬಂದವು. ಮಕ್ಕಳು ಮೊದಲು ಚಿತ್ರ ನೋಡಿದರು, ಆಮೇಲೆ ಹೆದರಲು ಪ್ರಯತ್ನಿಸಿದರು. ಈಗ ಪುಟ ಜೋಡಿಸಿದ ಕೊನೆಯ ಕರಡನ್ನು ನೋಡದೆ ನಾನು ಒಪ್ಪಿಗೆ ಕೊಡುವುದಿಲ್ಲ.

ಎಲ್ಲ ಬಿಡಿಸಿದ ಮೇಲೂ ಕೊನೆಯ ಪುಟದಲ್ಲಿ ವಿವರಿಸಲಾಗದ ಒಂದು ಸಣ್ಣ ಸದ್ದನ್ನು ಉಳಿಸುವ ಚಪಲ ನನಗೂ ಇತ್ತು. ಬಾಟಲಿಗಳ ಕಥೆಯನ್ನು ಒಮ್ಮೆ ಹಾಗೆ ಮುಗಿಸಿದ್ದೆ: ಆರೂ ಬಾಟಲಿಗಳನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ ಮೇಲೆ ಮತ್ತೆ "ಊ…" ಕೇಳುತ್ತದೆ. ಓದಿ ಮುಗಿಸಿದಾಗ, ಊದಿ ತೋರಿಸಿದ ಆ ಹುಡುಗಿಯೇ ಕೈ ಎತ್ತಿ, "ಏಳನೇ ಬಾಟಲಿ ಎಲ್ಲಿತ್ತು?" ಎಂದು ಕೇಳಿದಳು. ನನ್ನ ಬಳಿ ಏಳನೇ ಬಾಟಲಿ ಇರಲಿಲ್ಲ. ಆ ಪುಟವನ್ನು ಅಂದೇ ಹರಿದು ಹಾಕಿದೆ.