ನೋಟರಿ ಅರ್ಜಿಗೆ ಮೊದಲು ಹೆಸರು ಸರಿಮಾಡಿಕೊಳ್ಳಿ

ಮಡಿಕೇರಿ, ವಿರಾಜಪೇಟೆ ಕೋರ್ಟುಗಳ ಕಿರಿಯ ವಕೀಲರು ನೋಟರಿಯಾಗಲು ಹಾಕಿದ ಅರ್ಜಿಗಳು ಮರಳಿ ಬರುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಅರ್ಹತೆ ಇಲ್ಲದೆ ಮರಳಿದವು ಕಡಿಮೆ. ಕಾಗದಗಳು ಒಂದಕ್ಕೊಂದು ತಾಳೆಯಾಗದೆ ಮರಳಿದವೇ ಹೆಚ್ಚು.

ಮೊದಲು ಅರ್ಹತೆ. ಕಾನೂನು ಪದವಿ, ವಕೀಲರ ಪರಿಷತ್ತಿನ ಸನ್ನದು (ವಕೀಲರೆಂದು ನೋಂದಾಯಿಸಿಕೊಂಡ ಪತ್ರ), ಅರ್ಜಿ ಹಾಕುವ ದಿನಕ್ಕೆ ಕನಿಷ್ಠ 10 ವರ್ಷದ ವಕೀಲಿಕೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಸನ್ನದು ಗೋಡೆಗೆ ತೂಗುಹಾಕಿ ಕಳೆದ ವರ್ಷಗಳು ವಕೀಲಿಕೆ ಆಗುವುದಿಲ್ಲ. ಆದ್ದರಿಂದ ಪ್ರತಿ ವರ್ಷದ ಒಂದೆರಡು ವಕಾಲತ್ತು, ಆದೇಶಗಳ ದೃಢೀಕೃತ ನಕಲನ್ನು ಈಗಿನಿಂದಲೇ ಫೈಲಿಗೆ ಸೇರಿಸುತ್ತಾ ಬನ್ನಿ.

ಎರಡನೆಯದು ಹೆಸರು. ಕೊಡಗಿನವರು ಹೆಚ್ಚು ಎಡವುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆಹೆಸರು ಬರೀ ಇನಿಶಿಯಲ್, ಸನ್ನದಿನಲ್ಲಿ ಪೂರ್ತಿ ಮನೆಹೆಸರು ಮೊದಲು, ಆಧಾರ್‌ನಲ್ಲಿ ಅದೇ ಕೊನೆಗೆ. ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ: ಸನ್ನದು ತವರಿನ ಒಕ್ಕದ (ಕೊಡವ ಮನೆತನದ) ಹೆಸರಿನಲ್ಲಿ, ಬ್ಯಾಂಕ್ ಖಾತೆ ಗಂಡನ ಒಕ್ಕದ ಹೆಸರಿನಲ್ಲಿ. ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಅಂಟಿಸಿ ಕಳಿಸುವ ಅಡ್ಡದಾರಿ ಬೇಡ. ನಾಳೆ ನಿಮ್ಮ ಸೀಲಿನ ಮೇಲೆ ಕೆತ್ತುವುದೂ ಇದೇ ಹೆಸರು. ವಕೀಲರ ಪರಿಷತ್ತಿನ ದಾಖಲೆಯನ್ನೇ ಮೊದಲು ತಿದ್ದಿಸಿ, ತಡವಾದರೂ ಸರಿ.

ಮೂರನೆಯದು ಮೇಲುರುಜು, ಅಂದರೆ ಅರ್ಜಿಯಲ್ಲಿ ನಿಮ್ಮ ಸಹಿಯ ಜೊತೆಗೆ ಬೇರೆಯವರು ಹಾಕುವ ಸಹಿ. ನಿಯಮದ ಪ್ರಕಾರ ಒಬ್ಬ ಮ್ಯಾಜಿಸ್ಟ್ರೇಟ್, ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್, ಒಬ್ಬ ವ್ಯಾಪಾರಿ, ಸ್ಥಳೀಯ ಗಣ್ಯರಿಬ್ಬರು ಸಹಿ ಹಾಕಬೇಕು. ಪರಿಚಯವಿದೆಯೆಂದು ಸಹಕಾರಿ ಬ್ಯಾಂಕಿನ ಮ್ಯಾನೇಜರ್ ಬಳಿ ಹೋಗುವವರಿದ್ದಾರೆ, ಅದು ನಡೆಯದು. ವ್ಯಾಪಾರಿಯ ಜಾಗದಲ್ಲಿ ಕಾಫಿ ತೋಟದವರ ಸಹಿ ತರುತ್ತಾರೆ. ತೋಟದವರು ಬೆಳೆಗಾರರು, ಸಹಿ ಬೇಕಾದದ್ದು ಅಂಗಡಿಯವರದೋ ಕಾಫಿ ಕೊಳ್ಳುವ ವ್ಯಾಪಾರಿಯದೋ. ಗಣ್ಯರೂ ನೀವು ನೋಟರಿ ಕೆಲಸ ಮಾಡಬಯಸುವ ಊರಿನವರೇ ಆಗಿರಬೇಕು. ಕುಶಾಲನಗರಕ್ಕೆ ಕೇಳಿ ಗೋಣಿಕೊಪ್ಪದವರಿಂದ ಸಹಿ ಹಾಕಿಸಬೇಡಿ.

ಕೇಂದ್ರ ಸರ್ಕಾರವೂ ನೋಟರಿಗಳನ್ನು ನೇಮಿಸುತ್ತದೆ, ರಾಜ್ಯವೂ ನೇಮಿಸುತ್ತದೆ. ಇಲ್ಲೇ ಕೂತು ಕೆಲಸ ಮಾಡುವವರು ರಾಜ್ಯಕ್ಕೇ ಹಾಕಿ. ಕಡತ ಬೆಂಗಳೂರಿನಲ್ಲಿದ್ದರೆ ಹೋಗಿ ವಿಚಾರಿಸಬಹುದು. ಅರ್ಜಿಯನ್ನು ಜಿಲ್ಲಾ ನ್ಯಾಯಾಧೀಶರ ಮೂಲಕ ಅಥವಾ ನೀವು ವಕೀಲಿಕೆ ಮಾಡುವ ಕೋರ್ಟಿನ ನ್ಯಾಯಾಧೀಶರ ಮೂಲಕ ಕಳಿಸಬೇಕು. ‘ವಿಧಾನಸೌಧದಲ್ಲಿ ನಮ್ಮವರಿದ್ದಾರೆ’ ಎನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಮೇಲೆ ಸಂದರ್ಶನ, ನೇಮಕ, ಶುಲ್ಕ, ಪ್ರಮಾಣಪತ್ರ.

ಸೀಲು ಮಾಡಿಸುವಾಗ ಅಂಗಡಿಯವರು ತೋರಿಸುವ ರೆಡಿಮೇಡ್ ಅಳತೆಗೆ ಒಪ್ಪಬೇಡಿ. 5 ಸೆಂಟಿಮೀಟರ್ ವ್ಯಾಸದ ಸಾದಾ ವೃತ್ತ, ಅದರಲ್ಲಿ ಹೆಸರು, ಕೆಲಸದ ವ್ಯಾಪ್ತಿ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ನೋಟರಿ ಮಾಡಿದ ಪ್ರತಿ ಕಾಗದವನ್ನು ದಾಖಲಿಸುವ ರಿಜಿಸ್ಟರನ್ನು ಆಗಿಂದಾಗಲೇ ಬರೆಯಿರಿ, ಸಂಜೆಗೆ ಒಟ್ಟುಮಾಡಿ ಬರೆಯುವ ಅಭ್ಯಾಸ ಬೇಡ. ವರ್ಷದ ಕೆಲಸದ ವಿವರವನ್ನು ಜನವರಿಯ ಮೊದಲ ವಾರ ಸರ್ಕಾರಕ್ಕೆ ಕೊಡಬೇಕು, ಅದಕ್ಕೂ ಈ ರಿಜಿಸ್ಟರೇ ಆಧಾರ.

ನಮ್ಮ ಜಿಲ್ಲೆಯಲ್ಲಿ ಜಮ್ಮಾ ಜಾಗದ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಕಾಗದ ಬಂದೇ ಬರುತ್ತದೆ. ಕುಟುಂಬದ ಯಜಮಾನರಾದ ಪಟ್ಟೆದಾರರು ಒಬ್ಬರೇ ಬಂದು ‘ಕುಟುಂಬದವರೆಲ್ಲ ಒಪ್ಪಿದ್ದಾರೆ, ಸಹಿ ಮನೆಯಲ್ಲೇ ಹಾಕಿಸಿದ್ದೇನೆ’ ಎಂದರೆ ಎಷ್ಟೇ ಹಿರಿಯರಾದರೂ ಸೀಲು ಒತ್ತಬೇಡಿ. ಸಹಿ ಹಾಕುವವರು ನಿಮ್ಮ ಎದುರಿಗೆ ಬರಲೇಬೇಕು. ನೋಟರಿ ಮಾಡಿಸಿದ ಕರಾರಿನಿಂದ ಜಾಗ ಕೈಬದಲಾಗುವುದಿಲ್ಲ, ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು ಎಂಬುದನ್ನೂ ಬಂದವರಿಗೆ ಬಿಡಿಸಿ ಹೇಳಿ.

ಪ್ರಮಾಣಪತ್ರದ ಅವಧಿ 5 ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಆರು ತಿಂಗಳ ಮೊದಲೇ ಕೊಟ್ಟಿರಬೇಕು.