ಬಾಯಿ ಸೊಟ್ಟಗಾದರೆ ಗಡಿಯಾರ ನೋಡಿ

ಮನೆಯಲ್ಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಯಿತು, ಒಂದು ಕೈ ಮೇಲೇಳಲಿಲ್ಲ, ಮಾತು ತೊದಲಿತು ಅಂದರೆ ಈಗಿನವರು ಏನು ಮಾಡ್ತಾರೆ ಗೊತ್ತಾ? ಒಬ್ಬ ಪಾದ ಉಜ್ಜುತ್ತಾನೆ, ಇನ್ನೊಬ್ಬಳು ನೀರು ಕುಡಿಸುತ್ತಾಳೆ. "ಸುಸ್ತಾಗಿರಬೇಕು, ಮಲಗಲಿ ಬಿಡಿ" ಅನ್ನುವವರೂ ಇದ್ದಾರೆ. ನೋಡಿ ನೋಡಿ ಸಾಕಾಗಿದೆ. ಇದು ಸ್ಟ್ರೋಕ್ ಇರಬಹುದು, ಅಂದರೆ ಮಿದುಳಿನ ರಕ್ತನಾಳ ಕಟ್ಟಿಯೋ ಒಡೆದೋ ಬರುವ ಲಕ್ವ. ನೀರು ಬೇಡ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ನೀವಾಗಿಯೇ ಆಸ್ಪಿರಿನ್ ಕೊಡುವುದೂ ಬೇಡ. ಒಳಗೆ ನಾಳ ಕಟ್ಟಿದೆಯೋ ಒಡೆದಿದೆಯೋ ಸ್ಕ್ಯಾನ್ ಆಗದೆ ತಿಳಿಯುವುದಿಲ್ಲ. ಆಂಬುಲೆನ್ಸ್ ಕರೆಯಿರಿ.

ಮಿದುಳಿನ ತೂಕ ಮೈತೂಕದಲ್ಲಿ ನೂರಕ್ಕೆ 2ರಷ್ಟು. ಆಮ್ಲಜನಕ ಬೇಡುವುದು ನೂರಕ್ಕೆ 20ರಷ್ಟು! ಕೂಡಿಟ್ಟುಕೊಳ್ಳುವ ಉಗ್ರಾಣ ಮಾತ್ರ ಅದಕ್ಕಿಲ್ಲ. ಸ್ಟ್ರೋಕ್ ಆಗುವುದು ಹೆಚ್ಚಾಗಿ ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಕೊಂಡಾಗ. ರಕ್ತ ಪೂರ್ತಿ ನಿಂತ ಜಾಗ ನಿಮಿಷಗಳಲ್ಲಿ ಸಾಯುತ್ತದೆ. ಅದರ ಸುತ್ತಲಿನ ಭಾಗ ಪಕ್ಕದ ನಾಳಗಳಿಂದ ಬರುವ ಅಷ್ಟಿಷ್ಟು ರಕ್ತದಲ್ಲಿ, ಕೆಲಸ ಬಿಟ್ಟು ಜೀವ ಹಿಡಿದುಕೊಂಡಿರುತ್ತದೆ. ಡಾಕ್ಟರು ಉಳಿಸಲು ಓಡುವುದು ಅದನ್ನೇ. ದೊಡ್ಡ ನಾಳ ಕಟ್ಟಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಹೋಗುತ್ತವಂತೆ.

ಅದಕ್ಕೇ ನನ್ನ ಹಠ: ಹೊತ್ತು ಬರೆದಿಡಿ. ಯಾವ ಹೊತ್ತು? ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತು. ಏಳುವಾಗಲೇ ಹೀಗಿದ್ದರೆ ರಾತ್ರಿ ಮಲಗಿದ ಹೊತ್ತು. ನಡುವೆ ಎದ್ದು ನೆಟ್ಟಗೆ ಮಾತಾಡಿದ್ದರೆ ಆ ಹೊತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಲೆಕ್ಕ ಶುರುವಾಗುವುದು ಇಲ್ಲಿಂದ.

ನಮ್ಮ ಯಜಮಾನರಿಗೆ ಆದಾಗ ಮಗ "ರಾತ್ರಿ ಹತ್ತಕ್ಕೆ ಮಲಗಿದವರು, ಈಗಲೇ ನೋಡಿದ್ದು" ಅಂದುಬಿಟ್ಟ. ಐದು ಗಂಟೆಗೆ ಅವರು "ಫ್ಯಾನ್ ಕಮ್ಮಿ ಮಾಡೇ" ಅಂತ ಸ್ಪಷ್ಟವಾಗಿ ಗದರಿದ್ದು ನನಗೆ ನೆನಪಿತ್ತು, ಗಡಿಯಾರವನ್ನೂ ನೋಡಿದ್ದೆ. ಆ ಗದರಿಕೆಯಿಂದಲೇ ಇಂಜೆಕ್ಷನ್ ಸಿಕ್ಕಿತು.

ಅಂಗೈ ಮೇಲೆ ಗೀಚಬೇಡಿ, ಬೆವರಿಗೆ ಹೋಗುತ್ತದೆ. ಚೀಟಿಯಲ್ಲಿ ಬಾಲ್ ಪೆನ್ನಿನಿಂದ ದಪ್ಪಗೆ ಬರೆಯಿರಿ, ಬೆಳಿಗ್ಗೆಯೋ ಸಂಜೆಯೋ ಅದನ್ನೂ ಸೇರಿಸಿ. ಕೆಳಗೆ ಅವರು ನುಂಗುವ ಮಾತ್ರೆಗಳ ಹೆಸರು, ರಕ್ತ ತೆಳುವಾಗಿಸುವುದಿದ್ದರೆ ಅದಕ್ಕೊಂದು ಗೆರೆ. ಅವರ ಅಂಗಿಗೆ ಪಿನ್ ಹಾಕಿ ಸಿಕ್ಕಿಸಿ. ಅಂಗಿ ಬಿಚ್ಚಿದಾಗ ಚೀಟಿಯೂ ಮರೆಯಾಗುತ್ತದೆ ಅಂತೀರಾ? ಹಾಗಾದರೆ ಜೊತೆಗೆ ಹೋಗುವವರ ಅಂಗಿಗೇ ಚುಚ್ಚಿ.

ಅಂದಹಾಗೆ, ಗೋಡೆ ಗಡಿಯಾರದ ಸೆಲ್ ಹಾಕಿ ಎಷ್ಟು ದಿನವಾಯಿತು? ಸ್ಟೂಲ್ ಹತ್ತಿದಾಗ ಹಾಗೇ ಫ್ಯಾನಿನ ರೆಕ್ಕೆಯನ್ನೂ ಒರೆಸಿಬಿಡಿ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಅಂತ ಚೀಟಿ ಹರಿಯಬೇಡಿ. ದೊಡ್ಡ ಸ್ಟ್ರೋಕ್ ಬರುವ ಅಪಾಯ ಮುಂದಿನ ಎರಡು ದಿನದಲ್ಲೇ ಜಾಸ್ತಿ. ಆಗಲೇ ಹೊರಡಿ.